ಫ್ಯೂಸ್ ಇದ್ದರೆ ಸಾಕೇ? ವಾಹನದ ವೈರ್ ಜಾಯಿಂಟ್ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು

ಎರಡು ವೈರ್‌ಗಳ ತುದಿಯನ್ನು ಪುಟ್ಟ ಪಾರದರ್ಶಕ ಕೊಳವೆಯೊಳಗೆ ತೂರಿಸಿ, ಕೆಳಗೆ ಲೈಟರ್ ಹಿಡಿದರೆ ಐದೇ ಸೆಕೆಂಡಿನಲ್ಲಿ ಜಾಯಿಂಟ್ ಸಿದ್ಧ. ನೀರೂ ಹೋಗುವುದಿಲ್ಲ, ಎಂದೂ ಬಿಚ್ಚಿಕೊಳ್ಳುವುದಿಲ್ಲ. ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಕನೆಕ್ಟರ್ ಎಲ್ಲ ಬರೀ ವ್ಯಾಪಾರ, ಸೋಲ್ಡರ್ ಮಾಡಿದ್ದೇ ನಿಜವಾದ ಜಾಯಿಂಟ್. ಮೂರನೆಯ ಮಾತಿಗೆ ವಿಡಿಯೊ ಕೂಡ ಬೇಕಿಲ್ಲ, ಎಲ್ಲರ ಬಾಯಲ್ಲೂ ಇದೆ: ಫ್ಯೂಸ್ ಇರುವ ತನಕ ವೈರ್ ಹೇಗೆ ಸೇರಿಸಿದರೂ ಭಯವಿಲ್ಲ.

ಮೊದಲ ಎರಡು ಅರ್ಧ ಸತ್ಯ. ಮೂರನೆಯದು ತಪ್ಪು, ಮತ್ತು ಬೆಂಕಿಯ ಅಪಾಯ ಇರುವುದು ಅದರಲ್ಲೇ. ಕೆಟ್ಟ ಜಾಯಿಂಟ್ ಬಿಸಿಯಾಗಿ ಕರಗುತ್ತಿದ್ದರೂ ಫ್ಯೂಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಏಕೆ ಎಂಬುದನ್ನು ಮೊದಲು ನೋಡಿ, ಆಮೇಲೆ ಯಾವ ಕನೆಕ್ಟರ್ ಎಲ್ಲಿಗೆ ಎಂಬ ವಿಷಯಕ್ಕೆ ಬರೋಣ.

ಫ್ಯೂಸ್ ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ

ಒಂದು ಲೆಕ್ಕ ಹಾಕಿ. ಕಾರಿಗೆ 55 ವ್ಯಾಟ್‌ನ ಎರಡು ಫಾಗ್ ಲ್ಯಾಂಪ್ ಹಾಕಿಸಿದ್ದೀರಿ. ಒಟ್ಟು 110 ವ್ಯಾಟ್. 12 ವೋಲ್ಟ್ ಬ್ಯಾಟರಿಯಿಂದ ಸುಮಾರು 9 ಆಂಪ್ ಕರೆಂಟ್ ಹರಿಯುತ್ತದೆ. ಅದಕ್ಕೆ 15 ಆಂಪ್ ಫ್ಯೂಸ್ ಇದೆ. ದೀಪಕ್ಕೆ ಹೋಗುವ ಮುಖ್ಯ ವೈರ್‌ನಲ್ಲಿ ಒಂದು ಜಾಯಿಂಟ್ ಸಡಿಲವಾಗಿ, ಅಲ್ಲಿ 0.1 ಓಮ್ ರೋಧ ಉಂಟಾಗಿದೆ ಎಂದುಕೊಳ್ಳಿ. ಬಿಸಿ ಎಷ್ಟು ಹುಟ್ಟುತ್ತದೆ ಎಂಬುದು ಹೈಸ್ಕೂಲಿನ ಸೂತ್ರ: ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಬೇಕು. 9ರ ವರ್ಗ 81, ಅದನ್ನು 0.1ರಿಂದ ಗುಣಿಸಿದರೆ 8.1. ಅಂದರೆ ಕಡಲೆಕಾಯಿ ಗಾತ್ರದ ಜಾಗದಲ್ಲಿ ಸುಮಾರು 8 ವ್ಯಾಟ್ ಶಾಖ. 5 ವ್ಯಾಟ್‌ನ ಹಳೆಯ ಪಾರ್ಕಿಂಗ್ ಬಲ್ಬನ್ನು ಉರಿಯುವಾಗ ಬೆರಳಲ್ಲಿ ಹಿಡಿಯಲು ಆಗುವುದಿಲ್ಲ. ಇದು ಅದಕ್ಕಿಂತ ಹೆಚ್ಚು, ಅದೂ ಟೇಪ್ ಸುತ್ತಿ ಗಾಳಿಯಾಡದಂತೆ ಮುಚ್ಚಿಟ್ಟ ಜಾಗದಲ್ಲಿ.

ಇದೇ 0.1 ಓಮ್ ರೋಧ ಒಂದೂವರೆ ಚದರ ಮಿಮೀ ತಾಮ್ರದ ವೈರ್‌ನಲ್ಲೂ ಇರುತ್ತದೆ, ಆದರೆ ಏಳೆಂಟು ಮೀಟರ್ ಉದ್ದಕ್ಕೆ. ಅಲ್ಲಿ ಅಷ್ಟೂ ಶಾಖ ಅಷ್ಟುದ್ದಕ್ಕೆ ಹರಡಿ ಆರಿಹೋಗುತ್ತದೆ, ವೈರ್ ಮುಟ್ಟಿದರೂ ತಿಳಿಯುವುದಿಲ್ಲ. ಜಾಯಿಂಟ್‌ನಲ್ಲಿ ಎಲ್ಲವೂ ಒಂದು ಸೆಂಟಿಮೀಟರ್‌ನಲ್ಲಿ ಸೇರಿಕೊಳ್ಳುತ್ತದೆ.

ಈಗ ಫ್ಯೂಸ್ ಕಡೆ ನೋಡಿ. ರೋಧ ಹೆಚ್ಚಾದರೆ ಕರೆಂಟ್ ಹೆಚ್ಚಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಫ್ಯೂಸ್‌ಗೆ ಕಾಣುವುದು 9 ಆಂಪ್ ಅಥವಾ ಅದಕ್ಕೂ ಕಡಿಮೆ. ಅದರ ಮಿತಿ 15. ಹಾಗಾಗಿ ಅದು ಹೋಗುವುದಿಲ್ಲ. ಇತ್ತ ಜಾಯಿಂಟ್‌ನಲ್ಲಿ ಬಿಸಿಗೆ ತಾಮ್ರ ಕಪ್ಪಾಗುತ್ತದೆ, ಕಪ್ಪಾದ ಪದರದಿಂದ ರೋಧ ಏರುತ್ತದೆ, ರೋಧ ಏರಿದಂತೆ ಇನ್ನಷ್ಟು ಬಿಸಿ. ಹೊದಿಕೆಯ ಪಿವಿಸಿ ಮೆತ್ತಗಾಗುತ್ತದೆ, ಮೂಗಿಗೆ ಚುಚ್ಚುವ ಕಟುವಾಸನೆ ಬರುತ್ತದೆ. ಹೊದಿಕೆ ಕರಗಿ ತಾಮ್ರ ಬಾಡಿಗೆ ತಗುಲಿದ ಮೇಲಷ್ಟೇ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಎಣ್ಣೆ ಹಿಡಿದ ಬಟ್ಟೆ ಇದ್ದರೆ, ಒಣಗಿದ ಎಲೆ ಇದ್ದರೆ, ಪೆಟ್ರೋಲ್ ಪೈಪ್ ಇದ್ದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಫ್ಯೂಸ್ ಬೇಡ ಎಂದಲ್ಲ. ಶಾರ್ಟ್ ಆದಾಗ ಕಾಪಾಡುವುದು ಅದೊಂದೇ. ಬ್ಯಾಟರಿಯಿಂದ ಹೊಸದಾಗಿ ವೈರ್ ಎಳೆದರೆ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ವೈರ್‌ಗೆ ಯಾವ ಕಾವಲೂ ಇಲ್ಲ. ಪದೇ ಪದೇ ಫ್ಯೂಸ್ ಹೋಗುತ್ತಿದೆ ಎಂದು 15ರ ನೀಲಿ ಫ್ಯೂಸ್ ತೆಗೆದು 30ರ ಹಸಿರು ಹಾಕುವುದು, ಅಥವಾ ತಾಮ್ರದ ಎಳೆ ಸುತ್ತಿ ತುರುಕುವುದು ನಮ್ಮಲ್ಲಿ ಬಹಳ. ಆಗ ಕೆಟ್ಟ ಜಾಯಿಂಟ್ ಜೊತೆಗೆ ಇಡೀ ವೈರ್ ಕೂಡ ಕಾವಲಿಲ್ಲದೆ ಉಳಿಯುತ್ತದೆ.

ಬೇಸಿಗೆ ಬಂತೆಂದರೆ ‘ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟವಾಗುತ್ತದೆ’ ಎಂಬ ಫಾರ್ವರ್ಡ್ ಇಂಡಿಯನ್ ಆಯಿಲ್ ಹೆಸರಿನಲ್ಲಿ ತಿರುಗುತ್ತದೆ. ಆ ಸಂಸ್ಥೆಯೇ ಅದು ಸುಳ್ಳೆಂದು ಸ್ಪಷ್ಟಪಡಿಸಿದೆ. ಅದನ್ನು ಹಂಚುವ ಉತ್ಸಾಹದಲ್ಲಿ ಹತ್ತರಲ್ಲಿ ಒಂದು ಪಾಲನ್ನಾದರೂ ಬಾನೆಟ್ ಎತ್ತಿ ಜಾಯಿಂಟ್ ನೋಡುವುದಕ್ಕೆ ಕೊಟ್ಟರೆ ಒಳ್ಳೆಯದಿತ್ತು.

ನಮ್ಮ ಕಡೆ ಈ ಜಾಯಿಂಟ್‌ಗಳು ಬರುವುದು ಎಲ್ಲಿಂದ

ಕಂಪನಿಯಿಂದ ಬಂದ ವೈರಿಂಗ್‌ನಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇರುವುದಿಲ್ಲ. ಅವೆಲ್ಲ ಆಮೇಲೆ ಸೇರುವಂಥವು. ಬೆಂಗಳೂರು ಗ್ರಾಮಾಂತರದಲ್ಲಿ ಅದಕ್ಕೆ ಕಾರಣಗಳು ಬೇಕಾದಷ್ಟಿವೆ. ದೊಡ್ಡಬಳ್ಳಾಪುರ, ದೇವನಹಳ್ಳಿಯ ಹಳ್ಳಿಗಳಲ್ಲಿ ಹುಲ್ಲಿನ ಬಣವೆ ಪಕ್ಕದಲ್ಲೋ ಕೊಟ್ಟಿಗೆ ಬದಿಯಲ್ಲೋ ನಿಲ್ಲಿಸಿದ ಗಾಡಿಗೆ ಇಲಿ, ಹೆಗ್ಗಣ ನುಗ್ಗಿ ವೈರ್ ಕಡಿಯುತ್ತವೆ. ಚಳಿಗಾಲದ ಮುಂಜಾನೆ ಹೂವು, ತರಕಾರಿ ಹೊತ್ತು ಮಂಜಿನಲ್ಲಿ ಹೊರಡುವ ಸಣ್ಣ ಗೂಡ್ಸ್ ಗಾಡಿಗಳಿಗೆ ಫಾಗ್ ಲ್ಯಾಂಪ್ ಬೇಕು. ನೆಲಮಂಗಲ, ದಾಬಸ್‌ಪೇಟೆಯಲ್ಲಿ ನಿಲ್ಲುವ ಲಾರಿಗಳಿಗೆ ಹಿಂದಿನ ದೀಪ, ಹಾರ್ನ್, ಕ್ಯಾಬಿನ್ ಫ್ಯಾನ್ ಎಂದು ಕೆಲಸ ಮುಗಿಯುವುದೇ ಇಲ್ಲ. ಟ್ರಾಕ್ಟರ್ ಟ್ರೈಲರ್‌ನ ಹಿಂದಿನ ದೀಪದ ವೈರ್ ಪ್ರತಿ ಸುಗ್ಗಿಗೊಮ್ಮೆ ಕಿತ್ತುಬರುತ್ತದೆ.

ವಿಮಾನ ನಿಲ್ದಾಣಕ್ಕೆ ಓಡುವ ಟ್ಯಾಕ್ಸಿಗಳದ್ದು ಇನ್ನೊಂದು ಕಥೆ. 2019ರ ಜನವರಿ 1ರಿಂದ ನೋಂದಣಿಯಾಗುವ ಟ್ಯಾಕ್ಸಿ, ಬಸ್‌ಗಳಲ್ಲಿ ವಾಹನ ಎಲ್ಲಿದೆಯೆಂದು ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಇರಬೇಕೆಂದು ಕೇಂದ್ರದ ನಿಯಮ. ತಾಂತ್ರಿಕ ಮಾನದಂಡದ ಹೆಸರು ಎಐಎಸ್-140. ಮುಂದೆ ಕರ್ನಾಟಕ ಸರ್ಕಾರ ಅದಕ್ಕಿಂತ ಹಳೆಯ ವಾಹನಗಳಿಗೂ ಇದನ್ನು ಅನ್ವಯಿಸಿತು. ಉದ್ದೇಶ ಪ್ರಯಾಣಿಕರ ಸುರಕ್ಷತೆ, ಸರಿ. ಆದರೆ ಹಳೆಯ ಗಾಡಿಗೆ ಇದನ್ನು ಹಾಕಬೇಕಾದರೆ ಯಾರೋ ಒಬ್ಬರು ಡ್ಯಾಶ್‌ಬೋರ್ಡ್ ಬಿಚ್ಚಿ ಬ್ಯಾಟರಿ ಲೈನಿಗೆ, ಇಗ್ನಿಷನ್ ಲೈನಿಗೆ ಹೊಸ ವೈರ್ ಸೇರಿಸಲೇಬೇಕು. ಆ ಸೇರಿಸುವ ಕೆಲಸ ಹೇಗಾಗಿದೆ ಎಂದು ಮಾಲೀಕರು ನೋಡುವುದು ಅಪರೂಪ.

ತಿರುಚಿ ಟೇಪ್ ಸುತ್ತುವುದು

ರಾತ್ರಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ತಲುಪಲು ಸಾಕು, ಅಷ್ಟೇ. ಬಾನೆಟ್ ಕೆಳಗಿನ ಸೆಕೆಗೆ ಟೇಪಿನ ಅಂಟು ಜಾರುತ್ತದೆ, ಸುತ್ತು ತಾನಾಗಿ ಸಡಿಲವಾಗುತ್ತದೆ, ಒಳಗೆ ದೂಳು ಮತ್ತು ನೀರು ಸೇರುತ್ತದೆ. ಗಾಡಿ ಅದುರುತ್ತಿದ್ದಂತೆ ತಿರುಚಿದ ಎಳೆಗಳೂ ಸಡಿಲವಾಗುತ್ತವೆ. ಸಿಗ್ನಲ್ ಹಾಕಿದಾಗ ಹಿಂದಿನ ದೀಪ ಮಂಕಾಗುವುದು, ಗುಂಡಿಗೆ ಇಳಿದಾಗ ದೀಪ ಆರಿ ಹತ್ತುವುದು ಇದರ ಲಕ್ಷಣ.

ಬ್ಲೇಡ್ ಇರುವ ಕ್ಲಿಪ್: ಸುಲಭ, ಅದೇ ಅದರ ತೊಂದರೆ

ವೈರ್ ಕತ್ತರಿಸದೆ, ಸುಲಿಯದೆ, ಮೇಲಿನಿಂದ ಒತ್ತಿದರೆ ಒಳಗಿನ ಲೋಹದ ಬ್ಲೇಡ್ ಹೊದಿಕೆ ಸೀಳಿ ತಾಮ್ರ ಮುಟ್ಟುವ ಕ್ಲಿಪ್‌ಗಳಿವೆ. ಸ್ಕಾಚ್‌ಲಾಕ್, ಟೀ ಟ್ಯಾಪ್ ಎನ್ನುತ್ತಾರೆ. ಜಿಪಿಎಸ್, ಮ್ಯೂಸಿಕ್ ಸಿಸ್ಟಮ್, ಡ್ಯಾಶ್ ಕ್ಯಾಮ್ ಹಾಕುವವರ ಕೈಯಲ್ಲಿ ಇವೇ ಹೆಚ್ಚು, ಕೆಲಸ ಅರ್ಧ ನಿಮಿಷದ್ದು ಎಂಬ ಕಾರಣಕ್ಕೆ.

ತತ್ವದಲ್ಲಿ ತಪ್ಪಿಲ್ಲ. ಟೆಲಿಫೋನ್ ಕೇಬಲ್ ಜೋಡಣೆಯಲ್ಲಿ ಇದೇ ತತ್ವ ಯಶಸ್ವಿಯಾಗಿ ಬಳಕೆಯಾಗಿದೆ. ಅಲ್ಲಿನ ವೈರ್ ಒಂದೇ ಗಟ್ಟಿ ಎಳೆಯದು, ಅದುರುವುದಿಲ್ಲ, ಕರೆಂಟೂ ತೀರಾ ಕಡಿಮೆ. ವಾಹನದ ವೈರ್‌ನಲ್ಲಿ ಹತ್ತಾರು ಸಣ್ಣ ಎಳೆಗಳಿರುತ್ತವೆ. ಕ್ಲಿಪ್ ವೈರಿಗಿಂತ ಚಿಕ್ಕದಾದರೆ ಬ್ಲೇಡ್ ಎಳೆಗಳನ್ನೇ ಕತ್ತರಿಸುತ್ತದೆ, ದೊಡ್ಡದಾದರೆ ಸರಿಯಾಗಿ ಮುಟ್ಟುವುದೇ ಇಲ್ಲ. ಸೀಳಿದ ಜಾಗದಿಂದ ನೀರು ಒಳಗಿಳಿದು ಕಂಪನಿಯ ಒಳ್ಳೆಯ ವೈರ್ ಕೂಡ ಹಸಿರುಗಟ್ಟುತ್ತದೆ. ಕ್ಯಾಬಿನ್ ಒಳಗೆ, ಒಣ ಜಾಗದಲ್ಲಿ, ಸರಿ ಅಳತೆಯದು, ಸಣ್ಣ ಕರೆಂಟಿಗೆ ಮಾತ್ರ ಎಂದಾದರೆ ಒಪ್ಪಬಹುದು. ಹೆಡ್‌ಲೈಟ್, ಹಾರ್ನ್, ಫ್ಯಾನ್‌ಗೆ ಬೇಡ. ಏರ್‌ಬ್ಯಾಗ್‌ನ ಹಳದಿ ಹೊದಿಕೆಯ ವೈರ್, ಎಬಿಎಸ್ ಸೆನ್ಸರ್ ವೈರ್, ಇಂಜಿನ್ ಕಂಪ್ಯೂಟರ್‌ಗೆ ಹೋಗುವ ವೈರ್‌ಗಂತೂ ಇದನ್ನು ಹತ್ತಿರ ತರಲೇಬಾರದು.

ಸೋಲ್ಡರ್ ಮಾಡಿದರೆ ಶಾಶ್ವತವೇ?

ಸೋಲ್ಡರ್ ಮಾಡಿದ ಜಾಯಿಂಟ್‌ನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ತೊಂದರೆ ಬರುವುದು ಜಾಯಿಂಟ್‌ನಲ್ಲಲ್ಲ, ಅದರ ಪಕ್ಕದಲ್ಲಿ. ಕರಗಿದ ಸೋಲ್ಡರ್ ಬತ್ತಿಯಲ್ಲಿ ಎಣ್ಣೆ ಏರುವಂತೆ ಎಳೆಗಳ ನಡುವೆ ಹೊದಿಕೆಯೊಳಕ್ಕೂ ಏರುತ್ತದೆ. ಅಷ್ಟು ದೂರ ವೈರ್ ಕಡ್ಡಿಯಂತೆ ಗಟ್ಟಿ, ಅದರಾಚೆ ಮೆದು. ಗಾಡಿ ಅದುರಿದಾಗಲೆಲ್ಲ ಬಾಗುವುದು ಗಟ್ಟಿ ಮುಗಿದು ಮೆದು ಶುರುವಾಗುವ ಆ ಒಂದೇ ಗೆರೆಯಲ್ಲಿ. ಕಬ್ಬಿಣದ ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಹಾಗೆಯೇ ಇಲ್ಲಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೇಲಿನಿಂದ ನೋಡಿದರೆ ಜಾಯಿಂಟ್ ಹೊಳೆಯುತ್ತಾ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು, ಬೇಗ ಹಿಡಿಯಲಿ ಎಂದು ಹಚ್ಚುವ ಆಮ್ಲದ ಪೇಸ್ಟ್. ಒರೆಸದೆ ಬಿಟ್ಟರೆ ಅದೇ ತಾಮ್ರವನ್ನು ತಿನ್ನುತ್ತದೆ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ, ರಾಳ ತುಂಬಿದ ಸೋಲ್ಡರ್ ವೈರ್ ಬಳಸಿದರೆ ಈ ತೊಂದರೆ ಇಲ್ಲ. ಅದುರದ ಜಾಗದಲ್ಲಿ, ಜಾಯಿಂಟ್‌ನ ಎರಡೂ ಬದಿಗೆ ವೈರನ್ನು ಕಟ್ಟಿ ಆಧಾರ ಕೊಟ್ಟು, ಒಳ್ಳೆಯ ಕೈ ಮಾಡಿದ ಸೋಲ್ಡರ್ ವರ್ಷಗಟ್ಟಲೆ ಬಾಳುತ್ತದೆ. ನನಗನ್ನಿಸುವುದು ಇಷ್ಟು: ಸೋಲ್ಡರ್ ಕೆಟ್ಟದ್ದಲ್ಲ, ಎಲ್ಲ ಕಡೆಗೂ ಅದೇ ಉತ್ತರ ಎನ್ನುವುದು ತಪ್ಪು.

ಒಂದು ಕೆಲಸ ಮಾತ್ರ ಯಾವಾಗಲೂ ತಪ್ಪು. ವೈರ್ ತುದಿಗೆ ಮೊದಲು ಸೋಲ್ಡರ್ ಹಚ್ಚಿ ಆಮೇಲೆ ಸ್ಕ್ರೂ ಕೆಳಗೆ ಬಿಗಿಯುವುದು ಅಥವಾ ಥಿಂಬಲ್‌ನಲ್ಲಿ ಒತ್ತುವುದು. ಸೋಲ್ಡರ್ ಮೆದು ಲೋಹ, ಒತ್ತಡದಲ್ಲಿ ನಿಧಾನಕ್ಕೆ ಹರಿದು ಜಾಗ ಬಿಡುತ್ತದೆ. ಇಂದು ಬಿಗಿ, ಆರು ತಿಂಗಳಿಗೆ ಸಡಿಲ.

ಲೈಟರ್ ವಿಡಿಯೊದ ಕೊಳವೆ ಇದೇ ಜಾತಿಯದು. ಒಳಗೆ ಸಾಮಾನ್ಯ ಸೋಲ್ಡರಿಗಿಂತ ಕಡಿಮೆ ಶಾಖಕ್ಕೆ ಕರಗುವ ಉಂಗುರ, ತುದಿಗಳಲ್ಲಿ ಅಂಟು. ಸಾಮಾನು ಅಸಲಿಯೇ, ಸಣ್ಣ ಕರೆಂಟಿಗೆ ಉಪಯೋಗಕ್ಕೂ ಬರುತ್ತದೆ. ಆದರೆ ಲೈಟರ್ ಉರಿಗೆ ಹೊರಗಿನ ಪ್ಲಾಸ್ಟಿಕ್ ಸುಡುತ್ತದೆ, ಒಳಗಿನ ಉಂಗುರ ಅರ್ಧ ಮಾತ್ರ ಕರಗಿರುತ್ತದೆ. ಮಾಡುವುದಾದರೆ ಹೀಟ್ ಗನ್‌ನಿಂದ, ಉಂಗುರ ಕರಗಿ ಎಳೆಗಳೊಳಗೆ ಹರಿದದ್ದು ಕಣ್ಣಿಗೆ ಕಾಣುವ ತನಕ. ಮತ್ತು ಬಿಸಿ ಮಾಡುವ ಮುನ್ನ ಹತ್ತಿರ ಪೆಟ್ರೋಲ್ ಪೈಪ್ ಇಲ್ಲ ಎಂದು ನೋಡಿಕೊಂಡು, ಬ್ಯಾಟರಿ ಮೈನಸ್ ಬಿಚ್ಚಿ.

ಕ್ರಿಂಪ್: ಸರಿಯಾಗಿ ಒತ್ತಿದರೆ ಇದೇ ಮೇಲು

ವಾಹನ ತಯಾರಿಸುವ ಕಾರ್ಖಾನೆಗಳು ಹೆಚ್ಚಾಗಿ ನಂಬಿರುವುದು ಕ್ರಿಂಪಿಂಗ್ ಅನ್ನು. ಲೋಹದ ಚಿಕ್ಕ ಕೊಳವೆಯಲ್ಲಿ ವೈರ್ ಇಟ್ಟು ಸರಿಯಾದ ಅಚ್ಚಿನಿಂದ ಒತ್ತಿದಾಗ, ಕೊಳವೆಯೂ ಎಳೆಗಳೂ ಒಂದರೊಳಗೊಂದು ಅಮರಿ ನಡುವೆ ಗಾಳಿಗೂ ಜಾಗ ಉಳಿಯುವುದಿಲ್ಲ. ಗಾಳಿ ಇಲ್ಲವೆಂದರೆ ತಾಮ್ರ ಕಪ್ಪಾಗುವುದಿಲ್ಲ. ಸೋಲ್ಡರಿನಂತೆ ವೈರ್ ಒಳಕ್ಕೆ ಗಟ್ಟಿಯಾಗುವುದೂ ಇಲ್ಲ.

ಇಲ್ಲಿ ಎಲ್ಲ ನಿಂತಿರುವುದು ‘ಸರಿಯಾಗಿ ಒತ್ತಿದರೆ’ ಎಂಬ ಮಾತಿನ ಮೇಲೆ. ಕಟಿಂಗ್ ಪ್ಲೇಯರ್‌ನಿಂದ ಅದುಮಿದ್ದು ಕ್ರಿಂಪ್ ಅಲ್ಲ. ಕೊಳವೆ ಚಪ್ಪಟೆಯಾಗುತ್ತದೆ, ಎಳೆಗಳು ಬದಿಗೆ ಸರಿದುಕೊಳ್ಳುತ್ತವೆ. ಪೂರ್ತಿ ಒತ್ತುವ ತನಕ ಬಾಯಿ ಬಿಡದ ರ‍್ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್ ಬೇಕು. ಗ್ಯಾರೇಜ್ ಇಟ್ಟವರಿಗೆ ಅದು ಒಂದು ಸಲದ ಖರ್ಚು. ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ.

ಪ್ಲಾಸ್ಟಿಕ್ ಹೊದಿಕೆ ಇರುವ ಥಿಂಬಲ್, ಬಟ್ ಕನೆಕ್ಟರ್‌ಗಳ ಬಣ್ಣ ಅಂದಕ್ಕೆ ಇಟ್ಟದ್ದಲ್ಲ. ಕೆಂಪು 0.5ರಿಂದ 1.5 ಚದರ ಮಿಮೀ ವೈರಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ. ಟೂಲ್‌ನ ಅಚ್ಚಿನ ಮೇಲೂ ಇದೇ ಬಣ್ಣದ ಚುಕ್ಕೆ ಇರುತ್ತದೆ. ಕೆಂಪು ಮುಗಿದಿದೆ ಎಂದು ಹಳದಿಯೊಳಗೆ ಸಣ್ಣ ವೈರನ್ನು ಎರಡು ಮಡಿಕೆ ಮಾಡಿ ತುರುಕುವುದನ್ನು ಒಪ್ಪಿಕೊಳ್ಳಬೇಡಿ. ವೈರ್ ಸುಲಿಯುವಾಗ ಎಳೆ ತುಂಡಾಗಬಾರದು. ಒತ್ತಿದ ಮೇಲೆ ಎರಡೂ ಕಡೆ ಹಿಡಿದು ಬಲವಾಗಿ ಎಳೆಯಿರಿ. ಕಿತ್ತು ಬಂದರೆ ಬೇಸರ ಬೇಡ, ರಸ್ತೆಯಲ್ಲಿ ಬರುವುದಕ್ಕಿಂತ ಇಲ್ಲೇ ಬಂದದ್ದು ಒಳ್ಳೆಯದು.

ಬಾನೆಟ್ ಒಳಗೆ, ಚಾಸಿ ಕೆಳಗೆ ಇರುವ ಜಾಯಿಂಟ್ ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿಸಿ. ಸಾಮಾನ್ಯ ಹೀಟ್ ಶ್ರಿಂಕ್ ಕುಗ್ಗಿ ಕೂರುತ್ತದೆ ಅಷ್ಟೆ, ನೀರು ತಡೆಯುವುದಿಲ್ಲ. ಅಂಟಿನದು ಬಿಸಿಯಾದಾಗ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಉಕ್ಕಿ ಕಾಣುತ್ತದೆ, ಅದೇ ಗುರುತು.

ಆಗಾಗ ಬಿಚ್ಚಬೇಕಾದ ಜಾಗಕ್ಕೆ, ಅಂದರೆ ಟ್ರೈಲರ್ ದೀಪ, ಫಾಗ್ ಲ್ಯಾಂಪ್ ಇಂಥದ್ದಕ್ಕೆ, ರಬ್ಬರ್ ಸೀಲ್ ಇರುವ ವಾಟರ್‌ಪ್ರೂಫ್ ಕಪ್ಲರ್ ಕೇಳಿ. ಪ್ರತಿ ವೈರಿಗೂ ಪುಟ್ಟ ರಬ್ಬರ್ ಇರಬೇಕು, ಖಾಲಿ ತೂತಿಗೆ ಬಿರಡೆ ಇರಬೇಕು. ಐಪಿ67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತಡೆಯುತ್ತದೆ ಎಂದರ್ಥ. ವಾಟರ್ ಸರ್ವಿಸ್‌ನ ಪ್ರೆಷರ್ ಪೈಪನ್ನು ನೇರವಾಗಿ ಹಿಡಿದರೂ ತಡೆಯುತ್ತದೆ ಎಂದು ಅರ್ಥವಲ್ಲ. ಅದಕ್ಕೆ ಬೇರೆಯೇ ದರ್ಜೆಯಿದೆ. ಮನೆ ವೈರಿಂಗ್‌ಗೆ ಬರುವ ಸ್ಕ್ರೂ ಕನೆಕ್ಟರ್ ಪಟ್ಟಿ, ಹಿಡಿಕೆ ಎತ್ತಿ ಮುಚ್ಚುವ ಹೊಸ ಬಗೆಯ ಕನೆಕ್ಟರ್ ಎರಡಕ್ಕೂ ನೀರಿನಿಂದ ರಕ್ಷಣೆ ಇಲ್ಲ.

ಬಾಡಿ ಅರ್ಥ್ ಮರೆಯಬೇಡಿ. ಪ್ಲಸ್ ವೈರಿಗೆ ಇಷ್ಟೆಲ್ಲ ಮಾಡಿ, ಮೈನಸ್ಸನ್ನು ಪೇಂಟ್ ಮೇಲೇ ಯಾವುದೋ ಸ್ಕ್ರೂಗೆ ಸುತ್ತಿದರೆ ಎಲ್ಲ ವ್ಯರ್ಥ. ಪೇಂಟ್ ಕೆರೆದು, ಉಂಗುರದ ಥಿಂಬಲ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಸವರಬೇಕು.

ವೈರ್ ತಾಮ್ರದ್ದೇ?

ಅಗ್ಗದ ಲೈಟ್ ಕಿಟ್‌ಗಳಲ್ಲಿ ಹಲವು ಸಲ ಬರುವುದು ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಸಿಸಿಎ ಎನ್ನುತ್ತಾರೆ. ರೋಧ ಹೆಚ್ಚು, ಬೇಗ ಮುರಿಯುತ್ತದೆ, ನೀರು ತಾಗಿದರೆ ಪುಡಿಯಾಗುತ್ತದೆ. ಪರೀಕ್ಷೆಗೆ ಬ್ಲೇಡ್ ಸಾಕು. ಒಂದು ಎಳೆಯನ್ನು ಕೆರೆದು ನೋಡಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಸಿಸಿಎ. ಹೊರಗೆ ಬಿಳಿ, ಒಳಗೆ ಕೆಂಪು ಕಂಡರೆ ತವರ ಲೇಪಿಸಿದ ತಾಮ್ರ, ಅದು ಒಳ್ಳೆಯದೇ.

ಮನೆಗೆ ತಂದು ಉಳಿದ ವೈರನ್ನು ಗಾಡಿಗೆ ಎಳೆಯುವುದೂ ಸಾಮಾನ್ಯ. ಸಾಧಾರಣ ಮನೆ ವೈರ್‌ನ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾಡಿದ್ದು. ಇಂಜಿನ್ ಪಕ್ಕ ಅದನ್ನು ದಾಟುವುದು ಕಷ್ಟವಲ್ಲ. ಅಂಗಡಿಯಲ್ಲಿ ‘ಆಟೋ ಕೇಬಲ್’ ಎಂದೇ ಕೇಳಿ.

ಬೀಪ್ ಬಂದರೆ ಸಾಕೇ?

ಮಲ್ಟಿಮೀಟರ್ ಬೀಪ್ ಅಂದಿತು, ಜಾಯಿಂಟ್ ಚೆನ್ನಾಗಿದೆ ಎನ್ನುವವರಿದ್ದಾರೆ. ಇಪ್ಪತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಸರಿಯಾದ ಪರೀಕ್ಷೆ ಬೇರೆ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ದೀಪ ಅಥವಾ ಹಾರ್ನ್ ಚಾಲೂ ಇರುವಾಗಲೇ, ಒಂದು ಕಡ್ಡಿಯನ್ನು ಜಾಯಿಂಟ್‌ನ ಈಚೆ, ಇನ್ನೊಂದನ್ನು ಆಚೆ ಮುಟ್ಟಿಸಿ. ಒಳ್ಳೆಯ ಜಾಯಿಂಟ್‌ನಲ್ಲಿ ಸೊನ್ನೆಗೆ ಹತ್ತಿರ ತೋರಿಸುತ್ತದೆ. 0.1 ವೋಲ್ಟ್ ದಾಟಿದರೆ ಬಿಚ್ಚಿ ಮತ್ತೆ ಮಾಡಿಸಿ. ಮೊದಲು ಹೇಳಿದ ಫಾಗ್ ಲ್ಯಾಂಪ್ ಜಾಯಿಂಟ್‌ನಲ್ಲಿ ಇದು 0.9ರ ಹತ್ತಿರ ತೋರಿಸುತ್ತದೆ. ಮೀಟರ್ ಇಲ್ಲದಿದ್ದರೆ ಹತ್ತು ನಿಮಿಷ ದೀಪ ಉರಿಸಿ, ಜಾಯಿಂಟ್ ಮತ್ತು ಒಂದಡಿ ದೂರದ ವೈರ್ ಎರಡನ್ನೂ ಮುಟ್ಟಿ. ಜಾಯಿಂಟ್ ಮಾತ್ರ ಬೆಚ್ಚಗಿದ್ದರೆ ಉತ್ತರ ಸಿಕ್ಕಿತು.

ಎಲ್‌ಇಡಿ ಹಾಕಿದರೆ ಈ ತಲೆನೋವಿಲ್ಲ ಎನ್ನುತ್ತಾರೆ. ಕರೆಂಟ್ ಕಡಿಮೆ, ಆದ್ದರಿಂದ ಜಾಯಿಂಟ್ ಬಿಸಿಯಾಗುವುದೂ ಕಡಿಮೆ, ಅದು ನಿಜ. ಆದರೆ ತುಕ್ಕು ಹಿಡಿದ ಜಾಯಿಂಟ್‌ನಲ್ಲಿ ಎಲ್‌ಇಡಿ ಮಿಣುಕುತ್ತದೆ, ಬೇಗ ಸಾಯುತ್ತದೆ. ಜೊತೆಗೆ ಎದುರಿನವರ ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈನಿಂದ ಪ್ರಕರಣ ಹಾಕತೊಡಗಿದ್ದಾರೆ ಎಂಬುದೂ ನೆನಪಿರಲಿ.

ಇಷ್ಟೂ ಹೇಳಿದ್ದು 12 ವೋಲ್ಟ್ ಕಾರು, ಬೈಕು, ಟ್ರಾಕ್ಟರ್, 24 ವೋಲ್ಟ್ ಲಾರಿಗಳ ವೈರಿಂಗ್‌ಗೆ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಇರುವುದು ನೂರಾರು ವೋಲ್ಟ್. ಅವುಗಳ ಹೊದಿಕೆಯನ್ನು ಇಲಿ ಕಡಿದಂತೆ ಕಂಡರೆ ಗಾಡಿ ಆಫ್ ಮಾಡಿ, ಮುಟ್ಟದೆ, ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ.